ಬುಕ್ಸ್‌ಹೈಮ್‌ನ ಸಂತ ಕ್ರಿಸ್ಟೋಫರ್: 1423ರ ಒಂದು ವುಡ್‌ಕಟ್ ಮತ್ತು ಅದನ್ನ ಆರುನೂರು ವರ್ಷ ಕಾಪಾಡಿದ ಪುಸ್ತಕ

ಯುರೋಪಿನ ಮುದ್ರಣದ ಚರಿತ್ರೆ ಹೇಳೋ ಯಾವ ಪುಸ್ತಕ ತೆಗೆದ್ರೂ ಶುರುವಿನ ಪುಟಗಳಲ್ಲಿ ಒಂದು ಚಿತ್ರ ಸಿಗೋ ಸಾಧ್ಯತೆ ತುಂಬಾ ಜಾಸ್ತಿ. ಹೆಗಲ ಮೇಲೆ ಬಾಲಯೇಸುವನ್ನ ಕೂರಿಸ್ಕೊಂಡು ಹೊಳೆ ದಾಟ್ತಿರೋ ಸಂತ ಕ್ರಿಸ್ಟೋಫರ್, ಕೆಳಗೆ ಲ್ಯಾಟಿನ್ ಸಾಲುಗಳು, ಕೊನೆಗೆ 1423 ಅನ್ನೋ ಇಸವಿ. ಚಿತ್ರದ ಅಡಿ ಸಾಮಾನ್ಯವಾಗಿ ಒಂದೇ ಮಾತು ಇರುತ್ತೆ: ಇಸವಿ ಇರೋ ಯುರೋಪಿನ ಅತಿ ಹಳೇ ವುಡ್‌ಕಟ್‌ಗಳಲ್ಲಿ, ಅಂದ್ರೆ ಮರದ ಹಲಗೆ ಕೆತ್ತಿ ಒತ್ತಿದ ಚಿತ್ರಗಳಲ್ಲಿ, ಒಂದು. ಅಲ್ಲಿಗೆ ಮುಗೀತು, ಮುಂದಿನ ಪುಟದಲ್ಲಿ ಅಚ್ಚಿನ ಮೊಳೆಯಿಂದ ಪುಸ್ತಕ ಒತ್ತಿದ ಗುಟೆನ್‌ಬರ್ಗ್ ಬಂದುಬಿಡ್ತಾನೆ. ಆದ್ರೆ ಈ ಹಾಳೆ ಯಾವತ್ತೂ ಒಂಟಿಯಾಗಿ ಇರಲಿಲ್ಲ, ಈಗಲೂ ಇಲ್ಲ. ಅದು ಕೈಯಲ್ಲಿ ಬರೆದ ಒಂದು ಭಕ್ತಿ ಪುಸ್ತಕದ ಹಿಂದಿನ ರಟ್ಟಿನ ಒಳಮೈಗೆ ಅಂಟ್ಕೊಂಡಿದೆ. ಇನ್ನೂರೈವತ್ತು ವರ್ಷದಿಂದ ಜನ ಆ ಇಸವಿಯನ್ನೇ ಓದ್ತಾ ಬಂದ್ರು, ಪುಸ್ತಕವನ್ನ ಕಡಿಮೆ ಓದಿದ್ರು ಅನ್ನೋದು ನನ್ನ ದೂರು, ಈ ಕೇಸನ್ನ ಪೂರ್ತಿ ಬಿಡಿಸಿ ಬರೆಯೋಕೆ ಕಾರಣವೂ ಅದೇ.

ಮೊದಲು ಪುಸ್ತಕ ಏನು ಅಂತ ನೋಡೋಣ. ಈಗ ಇರೋದು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ಜಾನ್ ರೈಲಾಂಡ್ಸ್ ಲೈಬ್ರರಿಯಲ್ಲಿ. ಹೆಸರು 'ಲಾಉಸ್ ವಿರ್ಜಿನಿಸ್', ಅಂದ್ರೆ ಕನ್ಯೆಯ ಸ್ತುತಿ, ಮಾತೆ ಮರಿಯಳ ಗುಣಗಾನ ಮಾಡೋ ಲ್ಯಾಟಿನ್ ಹಸ್ತಪ್ರತಿ, ಬರೆದು ಮುಗಿದದ್ದು 1417ರಲ್ಲಿ. ಮುಂದಿನ ರಟ್ಟಿನ ಒಳಗೆ ಒಂದು ವುಡ್‌ಕಟ್, ಹಿಂದಿನ ರಟ್ಟಿನ ಒಳಗೆ ಇನ್ನೊಂದು. ಮುಂದಿರೋದು ಮಂಗಳವಾರ್ತೆ, ಗಾಬ್ರಿಯೇಲ ದೇವದೂತ ಬಂದು ಮರಿಯಳಿಗೆ ನಿನ್ನ ಹೊಟ್ಟೆಯಲ್ಲಿ ದೇವಪುತ್ರ ಹುಟ್ತಾನೆ ಅಂತ ಹೇಳೋ ದೃಶ್ಯ. ಹಿಂದಿರೋದು ನಮ್ಮ ಕ್ರಿಸ್ಟೋಫರ್. ಎರಡೂ ಮರದ ಹಲಗೆಯಿಂದ ಒತ್ತಿದ ಚಿತ್ರಗಳು, ಆಮೇಲೆ ಕೈಯಲ್ಲಿ ಬಣ್ಣ ಹಚ್ಚಿದ್ದಾರೆ.

ಈ ಪುಸ್ತಕ ಇದ್ದದ್ದು ಬುಕ್ಸ್‌ಹೈಮ್ ಅನ್ನೋ ಊರಿನ ಮಠದಲ್ಲಿ. ದಕ್ಷಿಣ ಜರ್ಮನಿಯ ಶ್ವಾಬಿಯಾ ಸೀಮೆ, ಮೆಮ್ಮಿಂಗನ್ ಪಟ್ಟಣದ ಪಕ್ಕ. 1402ರಲ್ಲಿ ಅದು ಕಾರ್ತೂಸಿಯನ್ ಪಂಗಡದ ಮಠ ಆಯ್ತು. ಕಾರ್ತೂಸಿಯನ್ನರು ಅಂದ್ರೆ ಕ್ರೈಸ್ತ ಸನ್ಯಾಸಿಗಳಲ್ಲೇ ಅತ್ಯಂತ ಕಠಿಣ ವ್ರತದವರು, ಒಬ್ಬೊಬ್ಬರಿಗೂ ಬೇರೆ ಬೇರೆ ಪುಟ್ಟ ಮನೆ, ದಿನದ ಬಹುಪಾಲು ಮೌನ, ಮಾಂಸ ಇಲ್ಲ. ಅವರ ಹನ್ನೆರಡನೇ ಶತಮಾನದ ನಿಯಮಾವಳಿಯಲ್ಲಿ ಒಂದು ಮಾತಿದೆ, ನಾವು ಬಾಯಿಂದ ಬೋಧನೆ ಮಾಡೋ ಹಾಗಿಲ್ಲವಲ್ಲ, ಹಾಗಾಗಿ ದೇವರ ವಾಕ್ಯವನ್ನ ಕೈಯಿಂದ ಸಾರೋಣ ಅಂತ. ಕೈಯಿಂದ ಅಂದ್ರೆ ಪುಸ್ತಕ ನಕಲು ಮಾಡಿ. ಇಂಥ ಮಠಕ್ಕೆ ಪುಸ್ತಕ ಅನ್ನೋದು ಅಲಂಕಾರ ಅಲ್ಲ, ಅವರ ಸೇವೆಯೇ ಅದು.

ಈಗ ಚಿತ್ರದ ಹತ್ತಿರ ಹೋಗೋಣ, ಇದನ್ನ ನಿಧಾನಕ್ಕೆ ನೋಡಬೇಕು. ಹಾಳೆ ಸುಮಾರು 29 ಸೆಂಟಿಮೀಟರ್ ಎತ್ತರ, 20 ಚಿಲ್ಲರೆ ಅಗಲ. ನಡುವೆ ದೈತ್ಯಾಕಾರದ ಕ್ರಿಸ್ಟೋಫರ್, ನೀರಲ್ಲಿ ಕಾಲಿಟ್ಟಿದ್ದಾನೆ, ಕೈಯಲ್ಲಿ ಊರುಗೋಲು ಅನ್ನೋದಕ್ಕಿಂತ ಒಂದು ಮರವೇ ಇದೆ, ತುದಿಯಲ್ಲಿ ಎಲೆ ಚಿಗುರಿದೆ. ಹೆಗಲ ಮೇಲೆ ಮಗು, ತಲೆ ಹಿಂದೆ ಶಿಲುಬೆ ಇರೋ ಪ್ರಭಾವಳಿ, ಒಂದು ಕೈಯಲ್ಲಿ ಭೂಗೋಳ, ಇನ್ನೊಂದು ಕೈ ಆಶೀರ್ವಾದಕ್ಕೆ ಎತ್ತಿದೆ. ಕ್ರಿಸ್ಟೋಫರ್ ಕತ್ತು ತಿರುಗಿಸಿ ಮಗುವನ್ನೇ ನೋಡ್ತಿದ್ದಾನೆ. ಕಥೆ ಗೊತ್ತಿರೋರಿಗೆ ಇದು ಯಾವ ಕ್ಷಣ ಅಂತ ಹೇಳಬೇಕಾಗಿಲ್ಲ. ಲೋಕದಲ್ಲಿ ಎಲ್ಲರಿಗಿಂತ ದೊಡ್ಡ ರಾಜನ ಸೇವೆಯನ್ನೇ ಮಾಡ್ತೀನಿ ಅಂತ ಹೊರಟ ದೈತ್ಯ, ಒಬ್ಬ ಋಷಿಯ ಮಾತು ಕೇಳಿ ಜನರನ್ನ ಹೊಳೆ ದಾಟಿಸೋ ಕೆಲಸಕ್ಕೆ ನಿಂತ, ಒಂದು ರಾತ್ರಿ ಒಂದು ಮಗು ಬಂತು, ಹೊತ್ತ, ನಡುಹೊಳೆಯಲ್ಲಿ ಅದರ ಭಾರ ತಡೆಯೋಕಾಗಲಿಲ್ಲ, ಯಾಕಂದ್ರೆ ಅವನು ಹೊತ್ತಿದ್ದು ಇಡೀ ಲೋಕವನ್ನೂ ಅದನ್ನ ಸೃಷ್ಟಿ ಮಾಡಿದವನನ್ನೂ.

ನನಗೆ ಇಷ್ಟವಾಗೋದು ಎರಡು ದಡಗಳು. ಬಲಗಡೆ ದಡದಲ್ಲಿ ಆ ಋಷಿ ನಿಂತಿದ್ದಾನೆ, ಹಿಂದೆ ಅವನ ಪುಟ್ಟ ಗುಡಿ, ಬಾಗಿಲ ಮೇಲೆ ಗಂಟೆ, ಕೈಯಲ್ಲಿ ದೊಡ್ಡ ಲಾಂದ್ರ, ದಾಟ್ತಿರೋನಿಗೆ ದಾರಿ ಕಾಣಲಿ ಅಂತ ಹಿಡಿದಿದ್ದಾನೆ. ಅವನ ಕೆಳಗೆ ಬಿಲದಿಂದ ಒಂದು ಮೊಲ ಇಣುಕ್ತಿದೆ. ಎಡಗಡೆ ದಡದಲ್ಲಿ ಪೂರ್ತಿ ಬೇರೆ ಲೋಕ: ನೀರಿನ ಚಕ್ರ ಇರೋ ಹಿಟ್ಟಿನ ಗಿರಣಿ, ಕತ್ತೆ ಮೇಲೆ ಮೂಟೆ ಹೇರಿಕೊಂಡು ಗಿರಣಿಗೆ ಬರ್ತಿರೋ ಒಬ್ಬ, ಗಿರಣಿಯ ಹಿಂದಿಂದ ಕಡಿದಾದ ದಾರಿಯಲ್ಲಿ ಬೆನ್ನ ಮೇಲೆ ಮೂಟೆ ಹೊತ್ತು ಮೇಲಿನ ಮನೆ ಕಡೆ ಹತ್ತುತಿರೋ ಇನ್ನೊಬ್ಬ. ಯಾರು ಎಷ್ಟು ದೊಡ್ಡದಾಗಿರಬೇಕು ಅನ್ನೋ ಲೆಕ್ಕ ಏನೂ ಸರಿ ಇಲ್ಲ, ದೂರದ್ದು ಹತ್ತಿರದ್ದು ಎಲ್ಲ ಕಲಸಿದೆ, ಆದ್ರೂ ಚಿತ್ರ ಬರೆದವನ ತಲೆ ಎಷ್ಟು ಚೆನ್ನಾಗಿ ಓಡಿದೆ ನೋಡಿ, ಒಂದು ಕಡೆ ಪ್ರಾರ್ಥನೆಯ ದಡ, ಇನ್ನೊಂದು ಕಡೆ ದುಡಿಮೆಯ ದಡ, ಎಡದಲ್ಲಿ ಕತ್ತೆನೂ ಹೊರ್ತಿದೆ, ಮನುಷ್ಯನೂ ಹೊರ್ತಿದ್ದಾನೆ, ನಡುವೆ ಲೋಕವನ್ನೇ ಹೊತ್ತವನು ನಡೀತಿದ್ದಾನೆ. ಹೊರೋದನ್ನ ಇಷ್ಟು ಸಲ ಒಂದೇ ಹಾಳೆಯಲ್ಲಿ ತಂದಿರೋದು ಆಕಸ್ಮಿಕ ಅಂತ ನನಗೆ ಅನ್ನಿಸಲ್ಲ.

ಗೆರೆಗಳ ಬಗ್ಗೆ ಒಂದು ಮಾತು. ಆಗಿನ ವುಡ್‌ಕಟ್‌ನಲ್ಲಿ ನೆರಳು ತೋರಿಸೋ ಸಣ್ಣ ಸಣ್ಣ ಅಡ್ಡಗೆರೆಗಳು ಹೆಚ್ಚುಕಮ್ಮಿ ಇರಲ್ಲ. ಹಲಗೆಯಲ್ಲಿ ಬೇಡದ ಜಾಗವನ್ನೆಲ್ಲ ಕೆತ್ತಿ ತೆಗೆದು ಗೆರೆಯನ್ನ ಮಾತ್ರ ಉಬ್ಬಾಗಿ ಉಳಿಸ್ತಾರೆ, ಶಾಯಿ ಸವರ್ತಾರೆ, ಹಾಳೆ ಇಟ್ಟು ಒತ್ತುತಾರೆ ಇಲ್ಲಾ ಹಿಂದಿಂದ ಉಜ್ಜುತಾರೆ, ಬಣ್ಣ ಕೈಯಲ್ಲಿ ಬರುತ್ತೆ. ಅಂದ್ರೆ ಮೈಕಟ್ಟು, ಬಟ್ಟೆಯ ಮಡಿಕೆ ಎಲ್ಲ ದಪ್ಪ ಗೆರೆಯ ತಿರುವಿನಲ್ಲೇ ಬರಬೇಕು, ಉಳಿದದ್ದು ಬಣ್ಣ ಹಚ್ಚೋನ ಪಾಲು. ಇಲ್ಲಿ ಬಟ್ಟೆಯ ಮಡಿಕೆಗಳು ಕೊಕ್ಕೆಯ ಥರ ಬಾಗಿ ನಿಲ್ತವೆ, ತುಂಬಾ ಧೈರ್ಯದ ಗೆರೆ. ಅಕ್ಷರಗಳೂ ಅದೇ ಹಲಗೆಯಲ್ಲಿ ಕೆತ್ತಿರೋದು, ಒಂದೊಂದು ಅಕ್ಷರವನ್ನೂ ಬಿಡಿಯಾಗಿ ಜೋಡಿಸೋ ಅಚ್ಚಿನ ಮೊಳೆ ಬಂದಿದ್ದು ಇದಕ್ಕಿಂತ ತುಂಬಾ ಆಮೇಲೆ. ಹಾಳೆ ಇಲ್ಲದೆ ಇದು ಯಾವುದೂ ಆಗ್ತಿರಲಿಲ್ಲ ಅನ್ನೋದನ್ನೂ ಮರೀಬಾರದು. ಜರ್ಮನಿಯಲ್ಲಿ ಉಲ್ಮಾನ್ ಸ್ಟ್ರೋಮರ್ ನ್ಯೂರೆಂಬರ್ಗ್ ಹತ್ತಿರ ಕಾಗದದ ಗಿರಣಿ ಹಾಕಿದ್ದು 1390ರಲ್ಲಿ, ಚರ್ಮದ ಹಾಳೆಗಿಂತ ಅಗ್ಗದ ಕಾಗದ ಕೈಗೆ ಸಿಕ್ಕಿದ ಮೇಲೇನೇ ಸಂತರ ಚಿತ್ರ, ಇಸ್ಪೀಟೆಲೆ ಎಲ್ಲ ರಾಶಿ ರಾಶಿ ಒತ್ತೋಕೆ ಶುರುವಾಗಿದ್ದು. ಈ ವ್ಯಾಪಾರ ಎಷ್ಟು ಜೋರಾಯ್ತು ಅಂದ್ರೆ 1441ರಲ್ಲಿ ವೆನಿಸ್ ಸರ್ಕಾರ ತನ್ನ ಕುಶಲಕರ್ಮಿಗಳು ಹಾಳಾಗ್ತಿದ್ದಾರೆ ಅಂತ ಹೊರಗಿಂದ ಬರೋ ಅಚ್ಚಿನ ಇಸ್ಪೀಟೆಲೆ, ಅಚ್ಚಿನ ಚಿತ್ರಗಳಿಗೆ ನಿಷೇಧ ಹಾಕ್ತು.

ಚಿತ್ರದ ಕೆಳಗಿರೋ ಲ್ಯಾಟಿನ್ ಪದ್ಯದ ಅರ್ಥ ಇಷ್ಟು: ಯಾವ ದಿನ ನೀನು ಕ್ರಿಸ್ಟೋಫರನ ಮುಖ ನೋಡ್ತೀಯೋ ಆ ದಿನ ನಿನಗೆ ಖಂಡಿತ ಕೆಟ್ಟ ಸಾವು ಬರಲ್ಲ. ಆಮೇಲೆ ಸಾವಿರದ ನಾನೂರ ಇಪ್ಪತ್ತಮೂರು ಅನ್ನೋ ಇಸವಿ. ಕೆಟ್ಟ ಸಾವು ಅಂದ್ರೆ ಆ ಕಾಲದವರಿಗೆ ನೋವಿನ ಸಾವು ಅಂತಲ್ಲ, ಹಠಾತ್ ಸಾವು, ಪಾದ್ರಿ ಮುಂದೆ ಪಾಪ ಒಪ್ಪಿಕೊಳ್ಳೋಕೆ ಪುರಸೊತ್ತು ಕೊಡದೆ ಬರೋ ಸಾವು. ಹಾಗೆ ಸತ್ರೆ ಆತ್ಮದ ಗತಿ ಏನು ಅನ್ನೋ ಭಯ ದಿನನಿತ್ಯದ್ದು. ಅದಕ್ಕೇ ಚರ್ಚುಗಳಲ್ಲಿ ಬಾಗಿಲಿಂದ ಒಳಗೆ ಇಣುಕಿದ್ರೇ ಕಾಣೋ ಹಾಗೆ ಎದುರಿನ ಗೋಡೆ ತುಂಬಾ ದೊಡ್ಡ ಕ್ರಿಸ್ಟೋಫರನನ್ನ ಬರೆಸ್ತಿದ್ರು, ಪ್ರಯಾಣಕ್ಕೆ ಹೊರಟವರು ಒಂದು ಸಲ ನೋಡ್ಕೊಂಡು ಹೋಗೋರು. ಮುಂದಿನ ಶತಮಾನದಲ್ಲಿ ಡಚ್ ವಿದ್ವಾಂಸ ಎರಾಸ್ಮಸ್ ಈ ನಂಬಿಕೆಯನ್ನ ಮೂಢತನ ಅಂತ ಗೇಲಿ ಮಾಡಿದ. ಆದ್ರೆ ಪ್ಲೇಗು ಊರಿಗೆ ಊರನ್ನೇ ಖಾಲಿ ಮಾಡ್ತಿದ್ದ ಕಾಲದಲ್ಲಿ ಬದುಕಿದವರು ಬೆಳಿಗ್ಗೆ ಎದ್ದು ಒಂದು ಮುಖ ನೋಡಿ ಧೈರ್ಯ ತಗೊಂಡ್ರೆ ಅದನ್ನ ಹಗುರವಾಗಿ ತಗೊಳ್ಳೋಕೆ ನನಗೆ ಮನಸ್ಸು ಬರಲ್ಲ.

ಇಲ್ಲಿಂದ ಕೇಸಿನ ನಿಜವಾದ ಗಂಟು ಶುರು. ದಿನಾ ನೋಡಬೇಕು ಅಂತ ತಾನೇ ಹೇಳ್ಕೊಳ್ಳೋ ಚಿತ್ರವನ್ನ ಯಾರೋ ಪುಸ್ತಕದ ರಟ್ಟಿನ ಒಳಗೆ ಅಂಟಿಸಿದ್ದಾರೆ, ಪುಸ್ತಕ ಮುಚ್ಚಿದ್ರೆ ಮುಖ ಕಾಣಲ್ಲ. ಯಾರು ಅಂಟಿಸಿದ್ರು, ಯಾವಾಗ, ಯಾಕೆ?

ನಮ್ಮ ಕೈಯಲ್ಲಿರೋ ಇಸವಿಗಳನ್ನ ಜೋಡಿಸಿ ನೋಡಿ. ಬರಹ 1417ರದ್ದು. ಹಲಗೆಯ ಮೇಲಿನ ಇಸವಿ 1423. ಪುಸ್ತಕದಲ್ಲೇ ಇರೋ ಒಂದು ಟಿಪ್ಪಣಿ ಪ್ರಕಾರ ಇದನ್ನ ಬುಕ್ಸ್‌ಹೈಮ್ ಮಠಕ್ಕೆ ಕೊಟ್ಟದ್ದು ಅನ್ನಾ ಅನ್ನೋ ಹೆಣ್ಣುಮಗಳು, ಗುಂಡೆಲ್‌ಫಿಂಗನ್ ಮನೆತನದವರು, ಬುಖಾವ್‌ನ ಮಠದವರು. 1427ರಲ್ಲಿ ಅವರು ಬದುಕಿದ್ರು ಅಂತ ಹಳೇ ವಿದ್ವಾಂಸರು ಗುರುತು ಹಾಕಿದ್ದಾರೆ. ಬುಖಾವ್ ಅನ್ನೋದು ಫೆಡರ್‌ಸೇ ಸರೋವರದ ದಡದಲ್ಲಿದ್ದ ಶ್ರೀಮಂತ ಮನೆತನದ ಹೆಣ್ಣುಮಕ್ಕಳ ಮಠ, ಅಲ್ಲಿನವರು ಪೂರ್ತಿ ಸನ್ಯಾಸಿನಿಯರ ಥರ ಎಲ್ಲ ಬಿಟ್ಟವರಲ್ಲ, ಸ್ವಂತ ಆಸ್ತಿ ಇಟ್ಕೊಳ್ಳಬಹುದಿತ್ತು, ಪುಸ್ತಕ ಕೂಡ. ಅಂದ್ರೆ ಮರಿಯಳ ಸ್ತುತಿಯ ಈ ಪುಸ್ತಕ ಒಬ್ಬ ಹೆಂಗಸಿನ ಕೈಯಲ್ಲಿದ್ದು ಆಮೇಲೆ ಗಂಡಸರ ಮೌನ ಮಠಕ್ಕೆ ಹೋಗಿದೆ.

ಹಾಗಾದ್ರೆ ಎರಡು ದಾರಿ. ಒಂದು, ಅನ್ನಾ ಅವರ ಕಾಲದಲ್ಲೇ ಚಿತ್ರಗಳು ಅಂಟಿದ್ದು, ಆಗ 1423ರ ಆಸುಪಾಸಿನ ಕೆಲವೇ ವರ್ಷಗಳಲ್ಲಿ ಈ ಪ್ರತಿ ಒತ್ತಿರಬೇಕು. ಎರಡು, ಪುಸ್ತಕ ಮಠಕ್ಕೆ ಬಂದ ಮೇಲೆ ಸನ್ಯಾಸಿಗಳು ಅಂಟಿಸಿದ್ದು, ಆಗ ಹಾಳೆ ದಶಕಗಳ ನಂತರದ್ದೂ ಆಗಿರಬಹುದು, ಯಾಕಂದ್ರೆ ಹಲಗೆ ಒಂದು ಸಲ ಕೆತ್ತಿದ್ರೆ ವರ್ಷಗಟ್ಟಲೆ ಬಾಳುತ್ತೆ, ಹಳೇ ಹಲಗೆಯನ್ನ ನೋಡ್ಕೊಂಡು ಹೊಸದು ಕೆತ್ತುವಾಗ ಇಸವಿಯನ್ನೂ ಹಾಗೇ ಇಳಿಸ್ಕೊಳ್ಳೋದೂ ಉಂಟು. ಈ ಚಿತ್ರದ ಶೈಲಿ 1423ಕ್ಕೆ ಸ್ವಲ್ಪ ಮುಂದುವರಿದ ಹಾಗಿದೆ ಅನ್ನೋ ವಿದ್ವಾಂಸರೂ ಇದ್ದಾರೆ. ಇದರಲ್ಲಿ ತೀರ್ಪು ಕೊಡೋಕೆ ಬೇಕಾದ ಸಾಕ್ಷಿ ಚಿತ್ರದ ಮುಖದಲ್ಲಿಲ್ಲ, ರಟ್ಟಿನಲ್ಲಿದೆ: ಬೈಂಡಿಂಗ್ ಯಾವಾಗ ಆಯ್ತು, ಎರಡೂ ಹಾಳೆ ಒಂದೇ ಸಲಕ್ಕೆ ಅಂಟಿದ್ದಾ, ಬಣ್ಣ ಅಂಟಿಸೋ ಮುಂಚೆ ಬಿದ್ದಿದ್ದಾ ಆಮೇಲಾ. ಇಸವಿ ಹಿಡ್ಕೊಂಡು ವಾದ ಮಾಡಿದವರು ಇದನ್ನೆಲ್ಲ ಎರಡನೇ ಮಾತಾಗಿ ಇಟ್ರು.

ನನ್ನ ಅಭಿಪ್ರಾಯ ಹೇಳಿಬಿಡ್ತೀನಿ. ಯಾರೇ ಅಂಟಿಸಿರಲಿ, ಕೈಗೆ ಸಿಕ್ಕಿದ್ದನ್ನ ಅಂಟಿಸಿದ್ದಲ್ಲ. ರಟ್ಟಿನ ಒಳಮೈಯಲ್ಲಿ ಮಡಿಚಿದ ಚರ್ಮದ ಅಂಚು ಮುಚ್ಚೋಕೆ ಬೈಂಡರುಗಳು ಯಾವುದಾದ್ರೂ ಹಾಳೆ ಹಾಕೇ ಹಾಕ್ತಾರೆ, ಹಳೇ ಪುಸ್ತಕದ ಹರಿದ ಪುಟ, ಲೆಕ್ಕದ ಚೀಟಿ, ಏನು ಬೇಕಾದ್ರೂ. ಇಲ್ಲಿ ಮರಿಯಳ ಸ್ತುತಿ ಶುರುವಾಗೋ ಕಡೆ ಮರಿಯಳ ಕಥೆ ಶುರುವಾಗೋ ಮಂಗಳವಾರ್ತೆಯೇ ಇದೆ. ಓದಿ ಮುಗಿಸಿ ಪುಸ್ತಕ ಮುಚ್ಚಿ ಏಳೋ ಕಡೆ, ಹೊರಗಿನ ದಿನಕ್ಕೆ ಕಾಲಿಡೋ ಕಡೆ, ಇವತ್ತು ನಿನಗೆ ಕೆಟ್ಟ ಸಾವಿಲ್ಲ ಅಂತ ಹೇಳೋ ಕ್ರಿಸ್ಟೋಫರ್ ಇದ್ದಾನೆ. ಮುಂದಿನ ಚಿತ್ರದಲ್ಲಿ ದೇವರನ್ನ ಹೊರಬೇಕು ಅನ್ನೋ ಸುದ್ದಿ ಮರಿಯಳಿಗೆ ಬರುತ್ತೆ, ಹಿಂದಿನ ಚಿತ್ರದಲ್ಲಿ ದೈತ್ಯ ಅದೇ ದೇವರನ್ನ ಹೆಗಲ ಮೇಲೆ ಹೊತ್ತಿದ್ದಾನೆ. ಓದೋರ ಅಭ್ಯಾಸ ಗೊತ್ತಿದ್ದವರು ಮಾಡಿದ ಜೋಡಣೆ ಇದು. ಚಿತ್ರ ಕಾಣಬೇಕು ಅಂದ್ರೆ ಪುಸ್ತಕ ತೆಗೀಬೇಕು, ಅಲ್ಲಿಗೆ ಪದ್ಯದ ಮಾತೂ ನಡೀತು, ಪ್ರಾರ್ಥನೆಯೂ ನಡೀತು.

ಈ ಥರದ ಅಭ್ಯಾಸ ಬುಕ್ಸ್‌ಹೈಮ್‌ಗೆ ಮಾತ್ರ ಸೇರಿದ್ದಲ್ಲ. ಹದಿನೈದನೇ ಶತಮಾನದ ಜರ್ಮನ್ ಸೀಮೆಯಲ್ಲಿ ಕೈಬರಹದ ಪ್ರಾರ್ಥನೆ ಪುಸ್ತಕದಲ್ಲಿ ಅಚ್ಚಿನ ಚಿತ್ರ ಅನ್ನೋದು ಮಾಮೂಲಿ. ನ್ಯೂರೆಂಬರ್ಗ್‌ನ ಸಂತ ಕ್ಯಾಥರೀನ್ ಮಠದ ಡೊಮಿನಿಕನ್ ಪಂಗಡದ ಸಿಸ್ಟರ್‌ಗಳು 1428ರಲ್ಲಿ ಮಠದ ಕಟ್ಟುನಿಟ್ಟಿನ ಸುಧಾರಣೆ ಆದ ಮೇಲೆ ಬರೆಯೋಕೆ ಕೂತವರು ಶತಮಾನ ಮುಗಿಯೋದ್ರೊಳಗೆ ಐನೂರಕ್ಕೂ ಜಾಸ್ತಿ ಪುಸ್ತಕ ಸೇರಿಸಿದ್ರು, ಹೆಚ್ಚಿನವು ಜರ್ಮನ್ ಭಾಷೆಯಲ್ಲಿ. ಕುನಿಗುಂಡ್ ನಿಕ್ಲಾಸ್ ಅನ್ನೋ ಸಿಸ್ಟರ್ ಲೈಬ್ರರಿ ನೋಡ್ಕೊಂಡು ಪಟ್ಟಿ ಮಾಡಿಟ್ಟವರು. ಅಂಥ ಮಠಗಳಿಂದ ಬಂದ ಪ್ರಾರ್ಥನೆ ಪುಸ್ತಕಗಳಲ್ಲಿ ವುಡ್‌ಕಟ್ ಅಂಟಿಸಿರೋದು, ಅದರ ಸುತ್ತ ಕೈಯಲ್ಲಿ ಅಂಚು ಬರೆದಿರೋದು, ಚಿತ್ರಕ್ಕೆ ಅಂತಲೇ ಜಾಗ ಬಿಟ್ಟು ಬರಹ ಮುಂದುವರಿಸಿರೋದು ಎಲ್ಲ ಸಿಗುತ್ತೆ. 2003ರಲ್ಲಿ ಪೀಟರ್ ಶ್ಮಿಟ್ ಅನ್ನೋ ಕಲಾಚರಿತ್ರೆಕಾರರು ಕೈಬರಹದ ಪುಸ್ತಕಗಳೊಳಗಿನ ಅಚ್ಚಿನ ಚಿತ್ರಗಳ ಮೇಲೇ ಒಂದು ದೊಡ್ಡ ಅಧ್ಯಯನ ತಂದ್ರು. ಅಂಥ ಕೆಲಸದಿಂದಲೇ ವುಡ್‌ಕಟ್ ಅಂದ್ರೆ ಬಡವರ ಅಗ್ಗದ ಚಿತ್ರ, ಕೈಬರಹ ಅಂದ್ರೆ ಹಳೇದು, ಅಚ್ಚು ಅಂದ್ರೆ ಹೊಸದು ಅನ್ನೋ ಸುಲಭದ ಗೆರೆ ಕರಗಿದ್ದು. ಓದು ಬಲ್ಲ, ಲೈಬ್ರರಿ ಇದ್ದ ಜನವೇ ಈ ಚಿತ್ರಗಳನ್ನ ಮನಸಾರೆ ಬಳಸಿದ್ರು.

ಬುಕ್ಸ್‌ಹೈಮ್‌ನಲ್ಲೇ ಇನ್ನೊಂದು ಪುರಾವೆ ಇದೆ, ನನಗಂತೂ ತುಂಬಾ ಪ್ರೀತಿಯದ್ದು. ಬೀಬರಾಖ್ ಊರಿನ ಹಿಲ್‌ಬ್ರಾಂಡ್ ಬ್ರಾಂಡನ್‌ಬರ್ಗ್ ಅನ್ನೋ ಪಾದ್ರಿ ತನ್ನ ಪುಸ್ತಕಗಳನ್ನ, ಸುಮಾರು 450, ಈ ಮಠಕ್ಕೆ ಕೊಟ್ಟ. ಕೊಟ್ಟ ಪುಸ್ತಕಗಳಲ್ಲಿ ಒಂದು ಪುಟ್ಟ ವುಡ್‌ಕಟ್ ಅಂಟಿಸಿದೆ, ದೇವದೂತನೊಬ್ಬ ಗುರಾಣಿ ಹಿಡಿದಿದ್ದಾನೆ, ಗುರಾಣಿಯ ಮೇಲೆ ಮೂಗಿಗೆ ಬಳೆ ಹಾಕಿದ ಎತ್ತು, ಕೈಯಲ್ಲಿ ಬಣ್ಣ ಹಚ್ಚಿದ್ದು. ಸುಮಾರು 1480ರದ್ದು, ಲೋಕದ ಅತಿ ಹಳೇ ಬುಕ್‌ಪ್ಲೇಟ್‌ಗಳಲ್ಲಿ, ಅಂದ್ರೆ ಪುಸ್ತಕ ಯಾರದ್ದು ಅಂತ ತೋರಿಸೋ ಅಚ್ಚಿನ ಚೀಟಿಗಳಲ್ಲಿ, ಒಂದು ಅಂತ ಎಣಿಸ್ತಾರೆ. ಅಂದ್ರೆ ಕ್ರಿಸ್ಟೋಫರ್ ಹಲಗೆಯ ಇಸವಿಗೆ ಅರ್ಧ ಶತಮಾನ ಕಳೆದ ಮೇಲೂ ಇದೇ ಮಠದ ರಟ್ಟುಗಳ ಒಳಗೆ ಅಚ್ಚಿನ ಚಿತ್ರಗಳು ಬಂದು ಕೂರ್ತಾನೇ ಇದ್ವು, ಈ ಸಲ ಕೊಟ್ಟವನಿಗಾಗಿ ಪ್ರಾರ್ಥನೆ ಮಾಡಿ ಅನ್ನೋ ನೆನಪಿಗೆ.

ಹೊರಲೋಕಕ್ಕೆ ಕ್ರಿಸ್ಟೋಫರ್ ಗೊತ್ತಾಗಿದ್ದು ಹದಿನೆಂಟನೇ ಶತಮಾನದಲ್ಲಿ. ಡ್ರೆಸ್ಡನ್‌ನ ರಾಜಸಂಗ್ರಹದ ಅಚ್ಚುಚಿತ್ರಗಳನ್ನ ನೋಡ್ಕೊಂಡಿದ್ದ ಕಾರ್ಲ್ ಹೈನ್ರಿಖ್ ಫಾನ್ ಹೈನೆಕನ್ ಬುಕ್ಸ್‌ಹೈಮ್‌ನಲ್ಲಿ ಇದನ್ನ ಕಂಡು, 1771ರಲ್ಲಿ ಫ್ರೆಂಚ್ ಭಾಷೆಯಲ್ಲಿ ಬಂದ ತನ್ನ ಪುಸ್ತಕದಲ್ಲಿ ಬರೆದ. ಅವತ್ತಿಂದ ಇಸವಿಯ ಮೋಹ. ಅಚ್ಚಿನ ಕಲೆ ಮೊದಲು ಹುಟ್ಟಿದ್ದು ನಮ್ಮಲ್ಲಿ ಅಂತ ಜರ್ಮನ್ನರು, ನಮ್ಮಲ್ಲಿ ಅಂತ ಡಚ್ಚರು ಹಗ್ಗಜಗ್ಗಾಟ. 1844ರಲ್ಲಿ ಬೆಲ್ಜಿಯಂನ ಮೆಖೆಲನ್ ಊರಲ್ಲಿ ಒಂದು ಹಳೇ ಪೆಟ್ಟಿಗೆಯ ಮುಚ್ಚಳದ ಒಳಗೆ 1418 ಅಂತ ಬರೆದಿರೋ ಮರಿಯಳ ಚಿತ್ರ ಸಿಕ್ತು, ಈಗ ಬ್ರಸೆಲ್ಸ್‌ನ ರಾಯಲ್ ಲೈಬ್ರರಿಯಲ್ಲಿದೆ. ಆ ಇಸವಿ ನಿಜವಾ ಅಂತ ಶುರುವಾದ ಜಗಳ ತುಂಬಾ ಕಾಲ ನಡೀತು. ಅದೂ ನೋಡಿ, ಸಿಕ್ಕಿದ್ದು ಮುಚ್ಚಳದ ಒಳಗೆ. ಒಂಟಿ ಹಾಳೆ ಗೋಡೆಗೆ ಹಚ್ಚಿದ್ರೆ ಹೊಗೆ, ತೇವ, ಹುಳಕ್ಕೆ ಹೋಗುತ್ತೆ. ಅಂಟಿಸಿ ಮುಚ್ಚಿಟ್ಟದ್ದು ಉಳಿಯುತ್ತೆ. ಈ ಹಲಗೆಯಿಂದ ಎಷ್ಟು ಹಾಳೆ ಒತ್ತಿ ಮಾರಿದ್ರೋ, ಉಳಿದಿರೋದು ಈ ಒಂದೇ ಪ್ರತಿ.

ಆಮೇಲೆ ಆದದ್ದು ನನಗೆ ಸಂಕಟ ಕೊಡೋ ಭಾಗ. ಹಳೇ ವುಡ್‌ಕಟ್‌ಗೆ ಬೆಲೆ ಬಂದ ಕೂಡ್ಲೇ ಸಂಗ್ರಹಕಾರರೂ ವ್ಯಾಪಾರಿಗಳೂ ಅವುಗಳನ್ನ ಹಸ್ತಪ್ರತಿಗಳಿಂದ ಕಿತ್ತು, ನೆನೆಸಿ ಬಿಡಿಸಿ, ಒಂಟಿ ಹಾಳೆ ಮಾಡಿ ಆಲ್ಬಮ್‌ಗೆ ಸೇರಿಸಿದ್ರು. ಮ್ಯೂಸಿಯಂಗಳ ಡ್ರಾಯರ್‌ಗಳಲ್ಲಿರೋ ಎಷ್ಟೋ ಹದಿನೈದನೇ ಶತಮಾನದ ಚಿತ್ರಗಳ ಹಿಂಬದಿಯಲ್ಲಿ ಈಗಲೂ ಅಂಟಿನ ಗುರುತು, ಕೈಬರಹದ ತುಣುಕು ಇದೆ, ಯಾವ ಪುಸ್ತಕದಿಂದ ಬಂತು, ಯಾವ ಪ್ರಾರ್ಥನೆಯ ಪಕ್ಕ ಇತ್ತು ಅನ್ನೋದು ಹೊರಟೇ ಹೋಗಿದೆ. ಕ್ರಿಸ್ಟೋಫರ್ ಆ ಗತಿಯಿಂದ ತಪ್ಪಿಸ್ಕೊಂಡ. ಇಂಗ್ಲೆಂಡಿನ ಸಿರಿವಂತ ಪುಸ್ತಕ ಸಂಗ್ರಹಕಾರ ಅರ್ಲ್ ಸ್ಪೆನ್ಸರ್ ತನ್ನ ಆಲ್ಥಾರ್ಪ್ ಬಂಗಲೆಯ ಲೈಬ್ರರಿಗೆ ತಂದಾಗ ಪುಸ್ತಕದ ಸಮೇತ ಬಂತು. 1892ರಲ್ಲಿ ಎನ್ರಿಕೆಟಾ ರೈಲಾಂಡ್ಸ್ ತೀರಿಹೋದ ಗಂಡನ ನೆನಪಿಗೆ ಕಟ್ಟಿಸ್ತಿದ್ದ ಲೈಬ್ರರಿಗೋಸ್ಕರ ಆ ಇಡೀ ಸಂಗ್ರಹವನ್ನ ಕೊಂಡ್ಕೊಂಡಾಗಲೂ ಹಾಗೇ ಬಂತು. ಇದು ಎಷ್ಟು ದೊಡ್ಡ ವಿಷಯ ಅಂದ್ರೆ ಮೇಲೆ ನಾನು ಕೇಳಿದ ಒಂದು ಪ್ರಶ್ನೆಯನ್ನೂ ಕಿತ್ತ ಹಾಳೆಯನ್ನ ಮುಂದಿಟ್ಕೊಂಡು ಕೇಳೋಕೆ ಆಗ್ತಿರಲಿಲ್ಲ.

ಮಠದ ಮಿಕ್ಕ ಪುಸ್ತಕಗಳಿಗೆ ಅಷ್ಟು ಅದೃಷ್ಟ ಇರಲಿಲ್ಲ. ಹತ್ತೊಂಬತ್ತನೇ ಶತಮಾನದ ಶುರುವಲ್ಲಿ ಸರ್ಕಾರಗಳು ಮಠಗಳನ್ನ ಮುಚ್ಚಿ ಆಸ್ತಿ ವಶಕ್ಕೆ ತಗೊಂಡಾಗ ಬುಕ್ಸ್‌ಹೈಮ್ ಒಂದು ಸಿರಿವಂತ ಮನೆತನಕ್ಕೆ, ಅಲ್ಲಿಂದ ಇನ್ನೊಂದಕ್ಕೆ ಕೈ ಬದಲಾಯ್ತು, ಕೊನೆಗೆ 1883ರಲ್ಲಿ ಲೈಬ್ರರಿಯನ್ನ ಮ್ಯೂನಿಕ್‌ನಲ್ಲಿ ಹರಾಜು ಹಾಕಿದ್ರು. ಆರ್ಗನ್ ಸಂಗೀತದ ಪ್ರಸಿದ್ಧ ಬುಕ್ಸ್‌ಹೈಮ್ ಹಸ್ತಪ್ರತಿ ಬವೇರಿಯಾದ ಸ್ಟೇಟ್ ಲೈಬ್ರರಿಗೆ ಹೋಯ್ತು, ಉಳಿದವು ಯುರೋಪು, ಅಮೆರಿಕದ ಎಲ್ಲೆಲ್ಲಿಗೋ ಚದುರಿದ್ವು. ಮಠದ ಚರ್ಚಿನ ಕೆತ್ತನೆಯ ಮರದ ಆಸನಗಳೂ ಅದೇ ವರ್ಷ ಮಾರಾಟವಾಗಿ ಇಂಗ್ಲೆಂಡ್ ಸೇರಿದ್ವು, ಅವು ಮಾತ್ರ 1980ರಲ್ಲಿ ವಾಪಸ್ ಊರಿಗೆ ಬಂದ್ವು. ಪುಸ್ತಕಗಳು ಹಾಗೆ ಒಟ್ಟಾಗಿ ವಾಪಸ್ ಬರೋದು ಕಷ್ಟ, ಆದ್ರೆ ಎತ್ತಿನ ಬುಕ್‌ಪ್ಲೇಟ್ ಇರೋದ್ರಿಂದ ಹಿಲ್‌ಬ್ರಾಂಡ್ ಕೊಟ್ಟವುಗಳನ್ನ ಯಾವ ಊರಲ್ಲಿದ್ರೂ ಗುರುತು ಹಿಡಿಯಬಹುದು. ಕ್ರಿಸ್ಟೋಫರ್ ಕೇಸಿನಲ್ಲಿ ಮುಂದಿನ ಕೆಲಸವೂ ಅಲ್ಲೇ ಇರೋದು: ಚದುರಿದ ಬುಕ್ಸ್‌ಹೈಮ್ ಪುಸ್ತಕಗಳ ರಟ್ಟುಗಳನ್ನ ಒಂದೊಂದಾಗಿ ತೆಗೆದು, ಒಳಗೆ ಏನು ಅಂಟಿದೆ, ಯಾವ ಅಂಟು, ಯಾವ ಬೈಂಡಿಂಗ್ ಅಂತ ಹೋಲಿಸಿದ್ರೆ, ಆ ಎರಡು ಹಾಳೆಗಳು ಮಠದೊಳಗೇ ಅಂಟಿದ್ವಾ ಇಲ್ಲ ಅನ್ನಾ ಅವರ ಮನೆಯಿಂದಲೇ ಅಂಟ್ಕೊಂಡು ಬಂದ್ವಾ ಅನ್ನೋದಕ್ಕೆ ಒಂದು ಗಟ್ಟಿ ಆಧಾರ ಸಿಗುತ್ತೆ.